ದೊಡ್ಡ ಅಕ್ಷರದ ಟ್ಯಾಬ್

ಘಾಟ್ಕೋಪರ್, ಗುರುವಾರ

ಮಹಿಳಾ ಬಳಗದ ಅಧ್ಯಕ್ಷರಾದ ಮಹಾನಂದಕ್ಕನವರಿಗೆ ನೀಲವ್ವನ ಶರಣು.

ಪುರಾಣ ಓದಲಿಕ್ಕೆ, ಆಮೇಲೆ ನಾಲ್ಕು ಭಕ್ತಿಗೀತೆ ಕೇಳಲಿಕ್ಕೆ ಅಂತ ಬಳಗದ ಹತ್ತೂ ಮಂದಿ ದುಡ್ಡು ಕೂಡಿಸಿ ಒಂದು ಟ್ಯಾಬ್ ತರೋಣ ಅಂದಿದ್ದೆವು. ನಮ್ಮ ಕೈಗೆಟಕುವಂಥ, ದೊಡ್ಡ ಪರದೆಯದನ್ನು ನಾನೂ ಚನ್ನವ್ವಜ್ಜಿಯೂ ಅಂಗಡಿಗೆ ಹೋಗಿ ಆರಿಸಿ ಬಂದೆವು. ನೀವು ಅದೇ ಬೆಲೆಗೆ ಅಂಗೈಯಷ್ಟು ಸಣ್ಣದನ್ನು ತಂದಿರಿ. ಕೇಳಿದರೆ, "ನನ್ನ ಪರ್ಸಿನಾಗ ಕೂಡತದ. ಓದಾಕಿ ನಾ ಅದೀನಲ್ಲ, ನಿಮಗ್ಯಾಕ ದೊಡ್ಡ ಅಕ್ಷರ?" ಅಂದಿರಿ.

ಹನ್ನೊಂದು ವರ್ಷ ನೀವೊಬ್ಬರೇ ಓದಿದಿರಿ, ನಾವು ಕೇಳಿದೆವು. ಆದರೆ ಆ ದಿನ ಅಂಗಡಿಯಲ್ಲಿ, ಪುಸ್ತಕದ ಅಕ್ಷರ ಕಾಣದ ಅಜ್ಜಿ, ಪರದೆಯ ಮೇಲೆ ಅಕ್ಷರ ದೊಡ್ಡದು ಮಾಡಿಸಿಕೊಂಡು, ಬೆರಳಿಟ್ಟು ಪುರಾಣದ ಒಂದು ಪುಟ ತಾನೇ ಓದಿದಳು. ಗರ್ವ ಬಿಡಬೇಕು ಅಂತ ಶರಣರು ಹೇಳಿದ ಪುಟ. "ಅಯ್ಯ, ಇದನ್ನ ಮಹಾನಂದಾ ಒಮ್ಮೆಯೂ ಓದಿಲ್ಲಲ್ಲ!" ಅಂತ ಅಂಗಡಿಯವನ ಎದುರಿಗೇ ನಕ್ಕಳು.

ಅಂಗಡಿಯವನು ಬದಲಿ ಮಾಡಿಕೊಡಲಿಕ್ಕೆ ಶನಿವಾರ ಕಡೇ ದಿನ. ಆ ಸಣ್ಣ ಟ್ಯಾಬನ್ನು ಡಬ್ಬಿ, ಬಿಲ್ಲು ಸಮೇತ ಕಳಿಸಿರಿ. ಇಲ್ಲವಾದರೆ ಹತ್ತೂ ಮಂದಿ ನಿಮ್ಮ ಬಿಲ್ಡಿಂಗಿಗೇ ಬರುತ್ತೇವೆ.

ಸೋಮವಾರದ ಪುರಾಣಕ್ಕೆ ನಿಮಗೆ ಮುಂದಿನ ಸಾಲಿನಲ್ಲೇ ಚಾಪೆ ಹಾಸಿರುತ್ತೇನೆ. ಅಜ್ಜಿ ಓದುತ್ತಾಳೆ, ಆ ಪುಟದಿಂದಲೇ ಸುರು. ನೀವು ಕೂತು ಕೇಳಿರಿ.

ಶಿವ ನಿಮಗೆ ಒಳ್ಳೇ ಬುದ್ಧಿ ಕೊಡಲಿ.

ನೀಲವ್ವ ಹೂಗಾರ