ಬಾಗಿಲಿಂದ ಮರಳಿದ ಹಲ್ವಾ

ಗ್ರಾಬೋವಿಕ್
ಶನಿವಾರ, 17 ನವೆಂಬರ್ 2018

ಬೆಟ್ಟ ಹತ್ತಿ ಕೂತ ನನ್ನ ರಿಫೆತ್‌ಗೆ, ಕೆಳಗೆ ಉಳಿದ ಝುಮ್ರಾಳ ಸಲಾಮು.

ಹೇಗಿದ್ದೀಯ ಅಂತ ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದ್ದೀನಿ ಅನ್ನುತ್ತೀಯ, ನನಗೆ ಸಿಟ್ಟು ಬರುತ್ತದೆ. ನಿನ್ನ ಹುಸ್ನಿಯಾ ಚಿಕ್ಕಪ್ಪ ಪ್ರತಿ ಗುರುವಾರ ಸಂತೆಗೆ ಇಳಿದಾಗ ನಾನು ಕೆಲಸ ಮಾಡುವ ಬುರೆಕ್ ಅಂಗಡಿಗೆ ಬಂದು, ಒಂದು ತಟ್ಟೆ ಖಾಲಿ ಮಾಡಿ, ನಿನ್ನ ವರದಿ ಒಪ್ಪಿಸಿ ಹೋಗುತ್ತಾರೆ. ಕುರಿಗಳು ನಿನ್ನ ಮಾತು ಚೆನ್ನಾಗಿ ಕೇಳುತ್ತವಂತೆ. ಕೇಳದೇ ಏನು, ಅವು ನಿನ್ನ ಜೊತೆ ಸಂಸಾರ ಮಾಡಬೇಕಾಗಿಲ್ಲವಲ್ಲ. ಈ ಚಳಿಯಲ್ಲೂ ಒಳಗೆ ಮಲಗುವುದಿಲ್ಲವಂತೆ, ತಲೆಯ ಮೇಲೆ ಮಾಳಿಗೆ ಇದ್ದರೆ ಉಸಿರು ಕಟ್ಟುತ್ತದಂತೆ. ಉಣ್ಣೆಯ ಒಳಂಗಿ ಎರಡು ಕಳಿಸಿದ್ದೇನೆ. ಹಟ ಮಾಡದೆ ಹಾಕಿಕೋ.

ನೀನು ಹೋಗಿ ಎರಡು ತಿಂಗಳಾಯಿತು. ಮಧ್ಯಾಹ್ನ ಎರಡಕ್ಕೆ ಗಣಿಯ ಸೈರನ್ ಕೂಗಿತೆಂದರೆ ಇವತ್ತಿಗೂ ನನ್ನ ಕೈ ತಾನಾಗಿ ಬೀನ್ಸ್ ಸಾರು ಬಿಸಿಗಿಡುತ್ತದೆ. ಆಮೇಲೆ ಒಲೆಯ ಮುಂದೆ ನಿಂತು ನನಗೆ ನಾನೇ ಬೈದುಕೊಳ್ಳುತ್ತೇನೆ. ನಿನ್ನ ಪಾರಿವಾಳಗಳಿಗೆ ಜೆನೀತಾ ಕಾಳು ಹಾಕುತ್ತಾಳೆ. ಅವಳ ಗದ್ದದ ಗಾಯ ಪೂರ್ತಿ ಮಾಯ್ದಿದೆ, ಹುಡುಕಿದರೂ ಕಾಣುವುದಿಲ್ಲ. ಸೆಪ್ಟೆಂಬರಿನಲ್ಲಿ ಅಂಗಳದಲ್ಲಿ ಮೆಣಸಿನಕಾಯಿ ಸುಡುತ್ತಿದ್ದಾಗ ಒಲೆಯ ಮುಚ್ಚಳ ಢಣ್ಣೆಂದು ಬಿತ್ತು. ನೀನು ಹಾರಿ ಹೋಗಿ ಮಗಳ ಮೇಲೆ ಕವುಚಿ ಬಿದ್ದೆ. ಅವಳ ಗದ್ದ ಕಲ್ಲಿಗೆ ಬಡಿದು ಒಡೆಯಿತು. ಅವಳು ಎಲ್ಲರಿಗೂ ಹೇಳುವುದು ಏನು ಗೊತ್ತಾ? 'ಅಪ್ಪ ನನ್ನನ್ನ ಕಾಪಾಡೋಕೆ ಬಂದ' ಅಂತ. ನೀನು ಮಾತ್ರ ಆ ರಕ್ತ ನೋಡಿ, ನಿನ್ನಿಂದಲೇ ಮನೆಗೆ ಅಪಾಯ ಅಂದುಕೊಂಡು, ಮರುದಿನವೇ ಗಂಟು ಕಟ್ಟಿಕೊಂಡು ಚಿಕ್ಕಪ್ಪನ ಹತ್ತಿರ ಹೊರಟುಬಿಟ್ಟೆ. ನಾನೂ ತಡೆಯಲಿಲ್ಲ. ಹೋಗಲಿ, ಗಾಳಿ ಬದಲಾದರೆ ಸರಿಹೋದಾನು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಕೂತು ಓದು.

ಗಣಿಯವರು ಗೊತ್ತುಮಾಡಿದ್ದ ಮನಸ್ಸಿನ ಡಾಕ್ಟರಮ್ಮನ ಹತ್ತಿರ ನೀನು ಎರಡು ಸಲ ಹೋಗಿ, ಎರಡು ಸಲವೂ ಪಾರಿವಾಳದ ಮಾತಾಡಿ ಬಂದೆಯಲ್ಲ, ಮೂರನೇ ಸಲಕ್ಕೆ ಹೋಗಲೇ ಇಲ್ಲವಲ್ಲ. ನಿನ್ನ ಬದಲು ನಾನು ಹೋದೆ. ಈಚೆಗೆ, ಅಕ್ಟೋಬರಿನಲ್ಲಿ. ಆಕೆ ನನಗಿಂತ ಚಿಕ್ಕವಳು, ಬೆರಳ ತುಂಬ ಶಾಯಿ. ನನ್ನ ಗಂಡ ಯಾವಾಗ ಸರಿಹೋಗ್ತಾನೆ ಅಂತ ನೇರವಾಗಿ ಕೇಳಿದೆ, ಕೆಟ್ಟ ರೇಡಿಯೋ ರಿಪೇರಿಗೆ ಕೊಟ್ಟವಳ ಹಾಗೆ. ಆಕೆ ನಗಲಿಲ್ಲ. 'ಒಂದೇ ಅಪಘಾತದಿಂದ ಹೊರಗೆ ಬಂದ ಇಬ್ಬರಲ್ಲಿ ಒಬ್ಬರು ಬೇಗ ಸುಧಾರಿಸ್ಕೊತಾರೆ, ಇನ್ನೊಬ್ಬರಿಗೆ ಆಗೋದೇ ಇಲ್ಲ. ಮೇಲೆ ಬಿದ್ದ ಕಲ್ಲು ಎಷ್ಟು ದೊಡ್ಡದು ಅನ್ನೋದೊಂದೇ ಲೆಕ್ಕಕ್ಕೆ ಬರಲ್ಲಮ್ಮ. ಆಮೇಲೆ ಆತ ತನ್ನನ್ನ ತಾನು ಏನಂತ ಬೈಕೊಂಡ, ಏನನ್ನ ಎದುರಿಸೋಕಾಗದೆ ಓಡಿದ, ಕೇಳೋಕೆ ಪಕ್ಕದಲ್ಲಿ ಯಾರಿದ್ರು, ಅದೂ ಬರುತ್ತೆ' ಅಂದಳು. ಆಮೇಲೆ, ನಿಮ್ಮ ಮನೆಯವರು ಬಾಯಿ ಬಿಡೋಕೆ ಹೋದಾಗ ಯಾರಾದ್ರೂ ತಡೀತಾರಾ ಅಂತ ಕೇಳಿದಳು. ಯಾರೂ ಇಲ್ಲ ಅಂದೆ. ಎಷ್ಟು ಬೇಗ ಅಂದೆನೆಂದರೆ ಆಕೆ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಗತಿ.

ಮಾರ್ಚ್ ತಿಂಗಳಲ್ಲಿ ನಿನ್ನ ತಲೆಗೂದಲು ಕತ್ತರಿಸುತ್ತಿದ್ದೆ, ನೆನಪಿದೆಯಾ? ನನಗೆ ಬೆನ್ನು ಹಾಕಿ ಕೂತಿದ್ದೆ. ಅದಕ್ಕೇ ಇರಬೇಕು ಬಾಯಿ ಬಂತು. ಗಣಿ ಕುಸಿದು ನೀನೂ ಶೆವ್ಕಿಯಾನೂ ಒಳಗೆ ಸಿಕ್ಕಿಕೊಂಡಿದ್ದ ಆ ಹತ್ತೊಂಬತ್ತು ಗಂಟೆಗಳ ಬಗ್ಗೆ ನೀನು ಮೊದಲ ಸಲ ಹೇಳಿದೆ. 'ಶೆವ್ಕಿಯಾ ಕಾಲು ಕಲ್ಲಿನಡಿ ಇತ್ತು ಝುಮ್ರಾ. ಆದ್ರೂ ಮಾತಾಡ್ತಾನೇ ಇದ್ದ. ನಂಗೆ ನಿದ್ದೆ ಬಂದ್ಬಿಡ್ತು. ಎದ್ದಾಗ ಸುಮ್ಮನಾಗಿದ್ದ. ನಾನು ಎಚ್ಚರ ಇದ್ದಿದ್ರೆ…' ಅಂದೆ. ನಾನೇನು ಮಾಡಿದೆ? ಬಿಡು, ಅದನ್ನೆಲ್ಲ ನೆನಸ್ಕೋಬೇಡ ಅಂದು ರೇಡಿಯೋ ಹಾಕಿದೆ. ಪ್ರೀತಿಯಿಂದಲೇ ಹಾಕಿದೆ, ದೇವರಾಣೆ. ನೀನು ಮತ್ತೆ ಆ ಮಾತು ಎತ್ತಲಿಲ್ಲ.

ಅದು ಚಿಕ್ಕ ತಪ್ಪು. ದೊಡ್ಡದು ಬೇರೆ ಇದೆ.

ಶೆವ್ಕಿಯಾ ತೀರಿಹೋದ ಏಳನೇ ದಿನ ನೀನು ನನ್ನನ್ನು ಕೇಳಿದ್ದೆ, ಅವನ ಹೆಂಡತಿ ಹಸೀಜಾ ಬಂದಿದ್ಲಾ ಅಂತ. ಇಲ್ಲ ಅಂದಿದ್ದೆ. ನಲವತ್ತನೇ ದಿನವೂ ಕೇಳಿದೆ, ಇಲ್ಲ ಅಂದೆ. 'ಅವಳು ಬರದಿರೋದೇ ನ್ಯಾಯ. ಗಂಡ ಸಾಯ್ತಿದ್ದಾಗ ನಿದ್ದೆ ಹೊಡೆದವನ ಮುಖ ಯಾಕೆ ನೋಡ್ಬೇಕು?' ಅಂದಿದ್ದೆ ನೀನು. ಅವತ್ತಿನಿಂದ ಅವಳ ಬೀದಿಯಲ್ಲಿ ನೀನು ಕಾಲಿಡಲಿಲ್ಲ, ಕಾಫಿ ಅಂಗಡಿಗೆ ಹೋಗಲಿಲ್ಲ, ಗೆಳೆಯರು ಕೂಗಿದರೆ ಹಿತ್ತಿಲಿಗೆ ಹೋದೆ.

ಅವಳು ಬಂದಿದ್ದಳು ರಿಫೆತ್. ಮೂರು ಸಲ ಬಂದಿದ್ದಳು.

ಏಳನೇ ದಿನ, ನಲವತ್ತನೇ ದಿನ, ಆರನೇ ತಿಂಗಳು. ಮೂರು ಸಲವೂ ಶೆವ್ಕಿಯಾನ ಹೆಸರಲ್ಲಿ ಹುರಿದ ಬಿಸಿ ಹಲ್ವಾ ತಟ್ಟೆಯಲ್ಲಿ ಹಿಡಿದು ಬಂದಿದ್ದಳು, ನಿನ್ನ ಕೈಗೇ ಕೊಡಬೇಕೆಂದು. ಮೊದಲ ಎರಡು ಸಲ ನಾನು ಬಾಗಿಲಿಗೆ ಅಡ್ಡ ನಿಂತು, ಮಲಗಿದ್ದಾನೆ ಹಸೀಜಾ, ಏನೂ ಕೇಳ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ ಅಂದೆ. ಮೂರನೇ ಸಲ ಅವಳು ಬಾಗಿಲು ತಟ್ಟಲೇ ಇಲ್ಲ, ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಹೋದಳು. ನಾನು ಅದನ್ನು ಹಾಗೇ ಒಯ್ದು ಅವಳ ಗೇಟಿನ ಒಳಗೆ ಇಟ್ಟು ಬಂದೆ. ತಟ್ಟೆಯನ್ನು ಖಾಲಿ ಮರಳಿಸುವುದೇ ನಮ್ಮಲ್ಲಿ ಅವಮಾನ. ಸತ್ತವನ ಹಲ್ವಾವನ್ನು ಮುಟ್ಟದೆ ಮರಳಿಸಿದವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು.

ನಿನ್ನನ್ನು ಕಾಪಾಡಿದೆ ಅಂದುಕೊಂಡಿದ್ದೆ. ಸುಳ್ಳು. ಅರ್ಧ ಸುಳ್ಳು. ನನಗೆ ಅವಳ ಕಣ್ಣು ನೋಡಲು ಭಯವಾಗಿತ್ತು. ನನ್ನ ಗಂಡ ಒಳಗೆ ಉಸಿರಾಡುತ್ತಿದ್ದಾನೆ, ಅವಳ ಗಂಡ ಮಣ್ಣಲ್ಲಿದ್ದಾನೆ. ಅವಳು ಒಳಗೆ ಬಂದರೆ ನಮ್ಮ ಮನೆಗೆ ಕಣ್ಣು ತಾಗುತ್ತದೆ ಎಂಬ ಹುಚ್ಚು ಹಿಡಿದಿತ್ತು ನನಗೆ. ಆಮೇಲೆ ನಿಜ ಹೇಳೋಣವೆಂದರೆ ಸುಳ್ಳು ಹಳೆಯದಾಗಿತ್ತು, ಹಳೆಯ ಸುಳ್ಳನ್ನು ಕೀಳಲು ನಾಚಿಕೆ. ನೀನು ದಿನದಿನಕ್ಕೆ ಕರಗುವುದನ್ನು ನೋಡುತ್ತ ಕೂತೆ. ಬೈಯಬೇಕೆನಿಸಿದರೆ ಬೈ. ಬೈಯುವುದಕ್ಕಾದರೂ ಎದುರಿಗೆ ಬಾ.

ಡಾಕ್ಟರಮ್ಮನನ್ನು ನೋಡಿ ಬಂದಮೇಲೆ ಮೂರು ವಾರ ನನ್ನ ಕಾಲೇ ಏಳಲಿಲ್ಲ. ಹೋದ ಸೋಮವಾರ ನಾನೇ ಹಲ್ವಾ ಮಾಡಿದೆ. ಗಾಬರಿಯಲ್ಲಿ ತಳ ಹತ್ತಿತು, ಆದರೂ ತಗೊಂಡು ಹೋದೆ. ಹಸೀಜಾ ಬಾಗಿಲು ತೆರೆದು, 'ಏನು ಝುಮ್ರಕ್ಕ, ದಾರಿ ತಪ್ತಾ?' ಅಂದಳು. ತಟ್ಟೆ ನೋಡಿ, ಸೀದಿದೆ ಅಂದಳು. ಆದರೂ ಒಳಗೆ ಕರೆದು ಕಾಫಿ ಇಟ್ಟಳು. ಎಲ್ಲ ಹೇಳಿದೆ. ಅವಳು ಕೈಲಿದ್ದ ಕಾಫಿ ಕೆಳಗಿಟ್ಟಳು. ಆಮೇಲೆ, 'ಹತ್ತು ತಿಂಗಳು ಅಕ್ಕಾ! ಅವನೇ ನನ್ನ ಮುಖ ನೋಡೋಕೆ ಇಷ್ಟ ಇಲ್ದೆ ನಿನ್ನ ಕೈಲಿ ಹೇಳಿಸ್ತಿದ್ದಾನೆ ಅಂದ್ಕೊಂಡಿದ್ದೆ' ಅಂದಳು. ನೋಡು, ನೀನು ಅಲ್ಲಿ ಒಂದು ಅಂದುಕೊಂಡೆ, ಅವಳು ಇಲ್ಲಿ ಒಂದು ಅಂದುಕೊಂಡಳು, ನಡುವೆ ನಿಂತವಳು ನಾನು.

ನಿನ್ನ ನಿದ್ದೆಯ ವಿಷಯವನ್ನೂ ಹೇಳಿಬಿಟ್ಟೆ. ಕ್ಷಮಿಸು, ಅದನ್ನು ಹೇಳಬೇಕಾದವನು ನೀನು. ಆದರೆ ಅವಳು ಏನಂದಳು ಕೇಳು. 'ನಿದ್ದೆ ಹೋದ್ನಾ? ನನ್ನ ಗಂಡನ ಪಕ್ಕದಲ್ಲೇ? ಹಾಗಾದ್ರೆ ರಿಫೆತ್ ಉಸಿರು ನನ್ನ ಗಂಡನಿಗೆ ಕೇಳಿಸ್ತಿತ್ತು ಅಲ್ವಾ ಅಕ್ಕಾ? ನಾನು ಇಷ್ಟು ದಿನ, ಅವನು ಕತ್ತಲಲ್ಲಿ ಒಬ್ಬನೇ ಇದ್ದ ಅಂದ್ಕೊಂಡು ಸಾಯ್ತಿದ್ದೆ.' ಆಮೇಲೆ ಅತ್ತಳು. ನಾನೂ ಅತ್ತೆ. ಅತ್ತು ಮುಗಿದ ಮೇಲೆ ಇಬ್ಬರೂ ಸೀದ ಹಲ್ವಾ ತಿಂದೆವು. 'ಅವನು ಅಷ್ಟು ಹೊತ್ತು ಏನು ಮಾತಾಡ್ತಿದ್ದ? ಅದು ಗೊತ್ತಿರೋನು ಈ ಲೋಕದಲ್ಲಿ ಒಬ್ಬನೇ' ಅಂದಳು.

ಅವಳು ನಿನ್ನಿಂದ ಕೇಳುವುದು ಅಷ್ಟೇ ರಿಫೆತ್. ಲೆಕ್ಕ ಕೇಳುವುದಿಲ್ಲ, ತಪ್ಪು ಯಾರದು ಅಂತ ಕೇಳುವುದಿಲ್ಲ. ಗಂಡನ ಮಾತು ಕೇಳುತ್ತಾಳೆ.

ನನಗೇನು ಬೇಕು ಅಂತ ಗೊತ್ತೇ ಇದೆ. ನೀನು ಬೇಕು. ನಗದಿದ್ದರೂ ಸರಿ, ಅಂಗಳದಲ್ಲಿ ಮಲಗಿದರೂ ಸರಿ, ನಾನೂ ಅಲ್ಲೇ ಹಾಸಿಕೊಳ್ಳುತ್ತೇನೆ, ಊರಿನವರು ಏನಾದರೂ ಆಡಿಕೊಳ್ಳಲಿ. ನೀನು ಮಾತಾಡಿದರೆ ಈ ಸಲ ರೇಡಿಯೋ ಹಾಕುವುದಿಲ್ಲ. ಎಷ್ಟು ಕೆಟ್ಟ ಮಾತಾದರೂ ಕೇಳುತ್ತೇನೆ. ಬಾ ಅಂತ ಬೇಡುವವಳಲ್ಲ ನಾನು, ನಿನಗೆ ಗೊತ್ತು. ಬೇಡುತ್ತಿದ್ದೇನೆ.

ನಿನಗೆ ಸುಳ್ಳು ಹೇಳಿದ, ನಿನ್ನ ದಾರಿ ನೋಡಿ ಸೋತ,
ನಿನ್ನ ಝುಮ್ರಾ

ತಾ.ಕ. (ಭಾನುವಾರ, ನಸುಕು): ಕಾಗದ ನಿನ್ನ ಕೈಗೆ ಕೊಟ್ಟವರು ಚಿಕ್ಕಪ್ಪ. ಆದರೆ ಇವತ್ತು ಭಾನುವಾರದ ಮೊದಲ ಬಸ್ಸಿಗೆ ಹೊರಟು, ಬೆಟ್ಟ ಹತ್ತಿ ಅದನ್ನು ತಂದವಳು ಹಸೀಜಾ. ನೀನು ಇದನ್ನು ಓದುವಾಗ ಅವಳು ಚಿಕ್ಕಪ್ಪನ ಮನೆಯ ಮುಂದಿನ ಬೆಂಚಿನ ಮೇಲೆ ಕೂತಿರುತ್ತಾಳೆ. ಅವನು ಎದುರಿಗೆ ಬರದೇ ಇರಬಹುದು ಅಂತ ಹೇಳಿದೆ. 'ಮೂರು ಗಂಟೆ ಬಸ್ಸಿನ ತನಕ ಕೂತಿರ್ತೀನಿ, ಬರದಿದ್ರೆ ಮುಂದಿನ ಭಾನುವಾರ ಮತ್ತೆ ಹತ್ತುತೀನಿ' ಅಂದಳು. ನಾನೂ ಜೊತೆಗೆ ಬರಬೇಕೆಂದು ಕೋಟು ಹಾಕಿಕೊಂಡವಳು ಬಿಚ್ಚಿಟ್ಟೆ. ಅವಳನ್ನು ತಡೆಯಲು ಅಲ್ಲಿ ನಾನಿಲ್ಲ, ರಿಫೆತ್. ಎದ್ದು ಹೋಗು.