ಡಾಕ್ಟರ್ ದನಿಯಲ್ಲಿ ನಾನು ನಿಲ್ಲಿಸಿದ ಮಾತ್ರೆ

ಪುಟ್ಟಿ,

ಮಾತು ಬೆಳ್ಳಿ, ಮಿಮಿಕ್ರಿ ಕೊಳ್ಳಿ. ಇದು ನಿಜವಾಗಿ ನಡೆದ ಕಥೆ, ನಿಂತುಕೊಂಡೇ ಓದು. ನಿನ್ನ ಫೋನ್ ಮನೆಯಲ್ಲೇ ಬಿದ್ದಿದೆ, ಅದಕ್ಕೇ ಈ ಚೀಟಿ.

ಭಾನುವಾರ ಮಹಡಿಯಿಂದ ಅಪ್ಪನಿಗೆ ಫೋನ್ ಮಾಡಿ, ಅವರ ಹೃದಯದ ಡಾಕ್ಟರ ಗೊಗ್ಗರು ದನಿಯಲ್ಲಿ, "ಏನ್ ಯಜಮಾನ್ರೇ, ಕುದುರೆ ಥರ ಇದ್ದೀರಿ! ಮಾತ್ರೆ ಇನ್ನು ಸಾಕು" ಎಂದೆ. ಸಂಜೆ ನಿಜ ಹೇಳಿ ನಗಿಸೋಣ ಎಂದುಕೊಂಡವನು ಮರೆತೇಬಿಟ್ಟೆ. ಅಪ್ಪ ಮೂರು ದಿನದಿಂದ ಮಾತ್ರೆ ಮುಟ್ಟಿಲ್ಲ. ಈಗ ಎದೆ ತಾಳ ತಪ್ಪಿ ಓಡುತ್ತಿದೆ. ಆಂಬುಲೆನ್ಸಿಗೆ ಹೇಳಿದ್ದೇನೆ.

ಫ್ರಿಜ್ ಮೇಲಿನ ಡಬ್ಬಿಯಲ್ಲಿರುವ ಮಾತ್ರೆ, ಹಳೆಯ ಇಸಿಜಿ ಎರಡನ್ನೂ ಆಸ್ಪತ್ರೆಗೆ ತೆಗೆದುಕೊಂಡು ಬಾ. ಅಮ್ಮನಿಗೆ ನೀನೇ ಹೇಳು, ನನಗೆ ಧೈರ್ಯವಿಲ್ಲ.

ಒಂದು ಮಾತ್ರೆಗೆ ಇಷ್ಟೇಕೆ ಎನ್ನಬೇಡ. ಹೃದಯದ ಜೀವಕೋಶಗಳ ಗೋಡೆಯಲ್ಲಿ ಸೋಡಿಯಂ ಒಳನುಗ್ಗುವ ಪುಟ್ಟ ಬಾಗಿಲುಗಳಿವೆ. ಅವು ತೆರೆದಾಗ ಮಿಡಿತದ ಸಂಕೇತ ಓಡುತ್ತದೆ. ಅಪ್ಪನಿಗೆ ಆ ಸಂಕೇತ ಹೊತ್ತುಗೊತ್ತಿಲ್ಲದೆ ಹುಟ್ಟುತ್ತದೆ. ಮಾತ್ರೆ ಬಾಗಿಲಿಗೆ ಅಡ್ಡ ಕೂತು ಆ ದಾಂಧಲೆ ತಡೆಯುತ್ತಿತ್ತು. ಮೆಡಿಕಲ್ ಕಾಲೇಜಿನ ಪರೀಕ್ಷೆಯಲ್ಲಿ ಇದನ್ನೆಲ್ಲ ಚಿತ್ರ ಸಮೇತ ಬರೆದ ನಾನೇ ಕಾವಲುಗಾರನನ್ನು ಓಡಿಸಿದೆ.

ಈಗಷ್ಟೇ ಕಾಲು ಹಿಡಿದು ಒಪ್ಪಿಕೊಂಡೆ. ಅಪ್ಪ ಬೆವರು ಒರೆಸಿಕೊಂಡು, "ಲೋ ಕಪಿ, ನಿನ್ನ ದನಿ ನಂಗೆ ಗೊತ್ತಾಗಲ್ವೇನೋ? ಆ ಮಾತ್ರೆ ತಗೊಂಡ್ರೆ ತಲೆ ತಿರುಗ್ತಿತ್ತು. ಬಿಡೋಕೆ ಒಂದು ನೆಪ ಸಿಕ್ತು!" ಎಂದು ನಗತೊಡಗಿದರು. "ನಗಬೇಡಿ ಅಪ್ಪಾ" ಎಂದು ನಾನು ಅಳುತ್ತಿದ್ದೇನೆ. ಬಾಗಿಲಲ್ಲಿ ಆಂಬುಲೆನ್ಸ್ ಕೂಗುತ್ತಿದೆ. ಅದಕ್ಕಿಂತ ಅಪ್ಪನ ನಗೆಯೇ ಜೋರಾಗಿದೆ.

ಅಣ್ಣ