ಪಿಸುಮಾತಿನ ಪರೀಕ್ಷೆ

ಫೆಬ್ರವರಿ ೧೧, ಮಂಗಳವಾರ

ಗ್ಯಾರೇಜಿನ ಷಟರ್ ಎತ್ತಿದೆ. ಇಳಿಸಿ ಮತ್ತೆ ಎತ್ತಿದೆ. ಸರಿಯಾಗಿ ನಿಂತಿತೋ ಇಲ್ಲವೋ ಎಂಬ ಅನುಮಾನ. ಹೋದ ತಿಂಗಳು ಜಾರಿ ಬಂದು ಗಿರಾಕಿಯೊಬ್ಬನ ತಲೆಗೆ ಬಡಿದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಒಳಗಿಂದ ಭಾವ ಕೂಗಿದರು: "ಗಾಬರಮ್ಮಾ, ಅದು ಬಾಗಿಲು, ಕೈಗೂಸಲ್ಲ. ಬಿಟ್ಬಿಡು!" ಅವರು ಮಾತಾಡುವುದೇ ಹಾಗೆ, ಕೂಗಿ. ತಮಗೆ ಕೇಳಿಸದ್ದು ಊರಿಗೂ ಕೇಳಿಸುವುದಿಲ್ಲ ಎಂದು ತಿಳಿದಿದ್ದಾರೆ.

ಹೊಸ ಗಿರಾಕಿ ಬಂದಿದ್ದ. ಸ್ಕೂಟರಿನೊಳಗೆ ಕಟಕಟ. ಭಾವ ಎಂದಿನಂತೆ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿದರು. ಗಿರಾಕಿ ಹೆದರಿ, "ಏನ್ರೀ, ತಿಂತಾರಾ?" ಅಂದ. "ಕೇಳಿಸ್ಕೊಳ್ತಿದ್ದಾರೆ" ಅಂದೆ. ಕಿವಿಯ ತಮಟೆ ಹರಿದಿದ್ದರೂ ಎಲುಬಿಗೆ ಕೇಳಿಸುತ್ತದೆ ಅವರಿಗೆ.

ಅಕ್ಕನದೂ ಅದೇ ದಾರಿ. ಮುಖ್ಯವಾದ ಮಾತಿದ್ದರೆ ಭಾವನ ಕಿವಿಯ ಹಿಂದಿನ ಎಲುಬಿಗೆ ಬಾಯಿಟ್ಟು ಹೇಳುತ್ತಾಳೆ. ಚಿಕ್ಕವಳಿದ್ದಾಗ ನಾನು ಮುತ್ತು ಕೊಡುತ್ತಿದ್ದಾಳೆ ಅಂದುಕೊಂಡು ನಾಚಿಕೊಂಡು ಹೊರಗೋಡುತ್ತಿದ್ದೆ. ಆಮೇಲೆ ತಿಳಿಯಿತು, ಕೊಡುತ್ತಿದ್ದದ್ದು ತರಕಾರಿಯ ಪಟ್ಟಿ.

ಈಗ ಅದಕ್ಕೂ ಕುತ್ತು. ಕೀವು ಒಳಗಿಳಿಯುತ್ತಿದೆಯಂತೆ. ಬೇಗ ಆಪರೇಷನ್ ಆಗದಿದ್ದರೆ ಎಲುಬಿಗೆ ಕೇಳಿಸುವುದೂ ಹೋಗುತ್ತದೆ ಎಂದರು ಕಿವಿಯ ಡಾಕ್ಟರು. ಹೊರಗೆ ಮಾಡಿಸುವ ತಾಕತ್ತು ನಮಗಿಲ್ಲ. ಸೈನಿಕರ ಆಸ್ಪತ್ರೆಯಲ್ಲಿ ಮಾಡುತ್ತಾರೆ. ಆದರೆ ಕೌಂಟರಿನವನು ಭಾವನನ್ನು ಸೇನೆಯಿಂದ ಬಿಡಿಸಿದಾಗ ಕೊಟ್ಟ ಡಿಸ್ಚಾರ್ಜ್ ಕಾಗದ ನೋಡಿ ಹಾಗೇ ವಾಪಸ್ ತಳ್ಳಿದ. ಅದರಲ್ಲಿರುವ ಮಾತು— "ಬೇಕೆಂದೇ ಆಜ್ಞೆ ಮೀರಿದ್ದಕ್ಕಾಗಿ ಸೇವೆಯಿಂದ ಹೊರಹಾಕಲಾಗಿದೆ."

ಗುರುವಾರ ಲೈಬ್ರರಿಯ ಮೇಲಿನ ಕೋಣೆಗೆ ಹೋಗಬೇಕು. ಮಾಜಿ ಸೈನಿಕರ ಕಾಗದ ಸರಿಮಾಡಿಸಿಕೊಡುವ ವಕೀಲಮ್ಮ ಇದ್ದಾರಂತೆ. ಮೆಟ್ಟಿಲು ಕಡಿದಾಗಿದ್ದರೆ? ಮಾತು ಇಂಗ್ಲಿಷಿನಲ್ಲಿದ್ದರೆ? ನಾನೋ ಏಳನೇ ಕ್ಲಾಸನ್ನೂ ಪೂರ್ತಿ ಮಾಡದವಳು…

ಫೆಬ್ರವರಿ ೧೩, ಗುರುವಾರ

ಮೆಟ್ಟಿಲು ಕಡಿದಾಗೇ ಇತ್ತು. ಮಾತು ಮಾತ್ರ ನಮ್ಮದೇ.

ಬೆಂಚಿನ ತುಂಬ ವಯಸ್ಸಾದ ಗಂಡಸರು, ಎಲ್ಲರ ತೊಡೆಯ ಮೇಲೂ ಫೈಲು. ಒಬ್ಬರ ಎಡಗಾಲಿನ ಗಾಯವನ್ನು ಬಲಗಾಲಿಗೆ ಬರೆದುಬಿಟ್ಟಿದ್ದಾರಂತೆ. "ಆಸ್ಪತ್ರೇಲಿ ಆರೋಗ್ಯವಾಗಿರೋ ಕಾಲನ್ನೇ ನೋಡಿ ಕಳಿಸ್ತಾರಮ್ಮ" ಅಂದರು. ನಗಬಾರದಿತ್ತು. ನಕ್ಕುಬಿಟ್ಟೆ. ಅವರೂ ನಕ್ಕರು.

ವಕೀಲಮ್ಮ ನನಗಿಂತ ಚಿಕ್ಕವರು. ಕೂದಲಲ್ಲಿ ಪೆನ್ನು ಸಿಕ್ಕಿಸಿಕೊಂಡು ಅದನ್ನೇ ಮೇಜಿನ ತುಂಬ ಹುಡುಕುತ್ತಿದ್ದರು. ಹೇಳಿದ್ದರಿಂದ ಇಷ್ಟು ತಿಳಿಯಿತು— ಕಾಗದ ತಿದ್ದಲು ಒಂದು ಮಂಡಳಿ ಇದೆ. ವಿಚಾರಣೆ ಒಂದೇ ಸಲ. ಅಲ್ಲಿ ಆಗುವುದಿಲ್ಲ ಎಂದರೆ ಮತ್ತೆ ಕೇಳುವ ಹಾಗಿಲ್ಲ.

"ಕಿವಿ ಕೇಳದೆ ಆಜ್ಞೆ ತಪ್ಪಿದ್ದು ಅಂತ ವಾದ ಮಾಡಬಹುದು. ಹಳೇ ಸ್ಫೋಟದ ಗಾಯ ಅಂತ ಡಾಕ್ಟರೂ ಬರ್ಕೊಟ್ಟಿದ್ದಾರೆ. ಆದ್ರೆ ನೋಡಿ," ಎಂದು ಸೇನೆಯ ಕಾಗದ ತೋರಿಸಿದರು. ಘಟನೆಗೆ ಮೂರು ವಾರ ಮೊದಲು ಕಿವಿಯ ಪರೀಕ್ಷೆ ಆಗಿದೆ. ಪಾಸು. ಎರಡೂ ಕಿವಿ. "ಆಮೇಲೆ ಆದ ಗಾಯ ಅಂತಾರೆ. ಹೇಗೆ ಪಾಸಾದ್ರಿ?"

ಪ್ರಶ್ನೆಯನ್ನು ಸ್ಲೇಟಿನ ಮೇಲೆ ಬರೆದು, ಪಕ್ಕದಲ್ಲಿ ಕೂತಿದ್ದ ಭಾವನಿಗೆ ತೋರಿಸಿದೆ. ಭಾವ ಓದಿದರು. ಕಿಟಕಿಯಾಚೆ ನೋಡುತ್ತ ಕೂತರು. ಸ್ಲೇಟನ್ನು ಒರೆಸಿ ನನಗೇ ವಾಪಸ್ ಕೊಟ್ಟರು!

ಬಸ್ಸಿನಲ್ಲಿ ಮತ್ತೆ ಬರೆದೆ. ಮತ್ತೆ ಒರೆಸಿದರು.

ಫೆಬ್ರವರಿ ೧೪

ಅಕ್ಕ ಬಾಯಿ ಬಿಡಿಸಿದಳು! ತಲೆಯ ಹಿಂದೆ ಬಾಯಿಟ್ಟು ಅದೇನು ಹೇಳಿದಳೋ, ಭಾವ ಊಟದ ತಟ್ಟೆ ಸರಿಸಿ ಎಲ್ಲವನ್ನೂ ಹೇಳಿದರು. ಬೇಗ ಬರೆದಿಡುತ್ತೇನೆ, ಆಮೇಲೆ ಹೆಚ್ಚು ಕಡಿಮೆ ಆದೀತು.

ಲಾರಿಯ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದಾಗ ಪಕ್ಕದಲ್ಲೇ ಫಿರಂಗಿ ಹಾರಿಸಿದರಂತೆ. ಎರಡೂ ಕಿವಿಯಲ್ಲಿ ರಕ್ತ. ಬಟ್ಟೆ ತುರುಕಿಕೊಂಡು ಸುಮ್ಮನಾದರು. ತುಕಡಿ ಗಡಿಗೆ ಹೊರಟಿತ್ತು. ಕಿವುಡ ಎಂದು ಗೊತ್ತಾದರೆ ಗೋದಾಮಿಗೆ ಹಾಕುತ್ತಾರೆ. ಜೊತೆಯವರನ್ನು ಬಿಟ್ಟು ಗೋದಾಮಿನಲ್ಲಿ ಮೊಳೆ ಎಣಿಸುವುದೇ?

ಪಿಸುಮಾತಿನ ಪರೀಕ್ಷೆ ಎಂದು ಮಾಡುತ್ತಿದ್ದರಂತೆ. ಡಾಕ್ಟರು ಬೆನ್ನ ಹಿಂದೆ ನಿಂತು ಮೆಲ್ಲಗೆ ಒಂದು ಸಂಖ್ಯೆ ಹೇಳುತ್ತಾರೆ. ಸೈನಿಕ ಅದನ್ನೇ ತಿರುಗಿ ಹೇಳಬೇಕು. ಭಾವನ ಗೆಳೆಯ ಕೊಕ್ಕರೆ ಎದುರಿನ ಸಾಲಿನಲ್ಲಿ ಸಾವಧಾನ್ ಭಂಗಿಯಲ್ಲಿ, ಕೈ ತೊಡೆಗೆ ಒತ್ತಿ ನಿಂತಿದ್ದ. ಕಾಲು ಉದ್ದ, ಅದಕ್ಕೇ ಆ ಹೆಸರು. ಕಿವಿ ಮಾತ್ರ ಮೊಲದ್ದಂತೆ. ಡಾಕ್ಟರು ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡು ತೊಡೆಯ ಮೇಲೆ ಬೆರಳಲ್ಲಿ ತೋರಿಸಿದ. ಭಾವ ನೋಡಿ ಹೇಳಿದರು. ಪಾಸು!

ಮೂರು ವಾರದ ಮೇಲೆ ದೊಡ್ಡ ಅಧಿಕಾರಿ ಬಂದ ದಿನ ಭಾವ ಲಾರಿಯನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಕ್ಯಾಪ್ಟನ್ "ನಿಲ್ಲಿಸು" ಎಂದು ಎಷ್ಟು ಕೂಗಿದರೂ ನಿಲ್ಲಿಸಲಿಲ್ಲ. ಲಾರಿ ಹಗ್ಗಕ್ಕೆ ಸಿಕ್ಕಿ, ದೊಡ್ಡ ಅಧಿಕಾರಿ ಒಳಗಿರುವಾಗಲೇ ಡೇರೆ ಮಕಾಡೆ ಮಲಗಿತು. ಯಾರಿಗೂ ಏಟಾಗಲಿಲ್ಲ. ಮರ್ಯಾದೆಗೆ ಆಯಿತು. ಆಗ "ನಂಗೆ ಕೇಳಿಸಲಿಲ್ಲ" ಎಂದಿದ್ದರೆ ಪರೀಕ್ಷೆಯ ಕಳ್ಳಾಟ ಹೊರಬಂದು ಕೊಕ್ಕರೆಯ ಕುತ್ತಿಗೆಗೂ ಬರುತ್ತಿತ್ತು. ಬಾಯಿ ಮುಚ್ಚಿಕೊಂಡರು. ಮೂವತ್ತು ವರ್ಷ ಮುಚ್ಚಿಕೊಂಡೇ ಇದ್ದರು.

"ಕೊಕ್ಕರೆ ಬಂದು ಹೇಳಿದ್ರೆ ಮುಗೀತಲ್ಲ ಭಾವ!" ಎಂದು ಸ್ಲೇಟಿನಲ್ಲಿ ಬರೆದು ಕುಣಿದಾಡಿಬಿಟ್ಟೆ.

ಸ್ಲೇಟು ಕಿತ್ತುಕೊಂಡು ತಾವೇ ಬರೆದರು. "ಬೇಡ." ಕೆಳಗೆ ಎರಡು ಗೆರೆ.

ಮಾರ್ಚ್ ೯, ಭಾನುವಾರ

ಹೋಗಿಬಿಟ್ಟೆ. ಬಟ್ಟೆ ಅಂಗಡಿಗೆ ಎಂದು ಸುಳ್ಳು ಹೇಳಿ. ವಿಚಾರಣೆ ಇಪ್ಪತ್ತಾರಕ್ಕೆ. ಸಾಕ್ಷಿ ಇಲ್ಲದೆ ಹೋದರೆ ಸೋಲು ಗ್ಯಾರಂಟಿ ಎಂದು ವಕೀಲಮ್ಮನೇ ಹೇಳಿದ ಮೇಲೆ ಸುಮ್ಮನೆ ಕೂರುವುದು ಹೇಗೆ? ವಿಳಾಸ ಹುಡುಕಿಕೊಟ್ಟವರೂ ಅವರೇ.

ಕೊಕ್ಕರೆ ಈಗ ಡ್ರೈವಿಂಗ್ ಸ್ಕೂಲಿನ ಯಜಮಾನ. ತಲೆ ಬೆಳ್ಳಗಾಗಿದೆ, ಕಾಲು ಹಾಗೇ ಉದ್ದ. ಗೋಡೆಯ ಮೇಲೆ ಪದಕ, ಚೌಕಟ್ಟು ಹಾಕಿಸಿದ ಗೌರವದ ಸರ್ಟಿಫಿಕೇಟು. ಭಾವನ ಹೆಸರು ಹೇಳಿದೆ. ಮುಖ ಬಿಳುಚಿತು. "ಕಾರ್ ಹತ್ತಮ್ಮ, ಪಾಠದ ಹೊತ್ತಾಯ್ತು, ದಾರೀಲಿ ಮಾತಾಡೋಣ" ಅಂದರು.

ಹತ್ತಿದ ಮೇಲೆ ಗೊತ್ತಾಯಿತು, ಓಡಿಸುವವಳು ಕಲಿಯಲು ಬಂದ ಹೆಂಗಸು. ಮೊದಲನೆಯ ದಿನ! ದೇವರೇ. ಕಾರು ಕಪ್ಪೆಯ ಹಾಗೆ ಕುಪ್ಪಳಿಸಿತು. ಮುಂದಿನ ಸೀಟನ್ನು ತಬ್ಬಿಕೊಂಡು ಇಡೀ ಕಥೆ ಹೇಳಿದೆ.

"ಕ್ಲಚ್ಚು, ಕ್ಲಚ್ಚು! ನಿಮಗಲ್ಲಮ್ಮ, ಅವರಿಗೆ. ಆಮೇಲೆ?"

"ನೀವು ಬಂದು ನಿಜ ಹೇಳ್ಬೇಕು, ಅಣ್ಣ."

"ಅವನೇ ಕಳಿಸಿದ್ನಾ?"

"ಅವರಿಗೆ ಗೊತ್ತಾದ್ರೆ ನನ್ನನ್ನ ಎಂಜಿನ್ ಆಯಿಲ್ಲಲ್ಲಿ ಅದ್ದಿಬಿಡ್ತಾರೆ."

ಮುಂದಿನ ಗಾಜಿನ ಕಡೆ ನೋಡುತ್ತ ಹೇಳಿದರು: "ಆಗ ಅವನ ವಿಚಾರಣೆ ಹೊತ್ತಿಗೆ ನನ್ನನ್ನ ಬೇರೆ ಕಡೆ ಹಾಕಿದ್ರು. ಸುದ್ದಿ ಬಂತು. ಬಾಯಿ ಬಿಟ್ರೆ ಇಬ್ರೂ ಹೋಗ್ತೀವಿ ಅಂತ ನಂಗೆ ನಾನೇ ಹೇಳ್ಕೊಂಡೆ. ಈಗ ಬಿಟ್ರೂ ಆ ಗೋಡೆ ಮೇಲಿರೋದನ್ನ ಇಳಿಸಬೇಕಾಗ್ಬಹುದು, ತಂಗಿ. ಮಗಳ ಮನೆಯವರ ಮುಂದೆ…"

ಅಷ್ಟರಲ್ಲಿ ಆ ಹೆಂಗಸು ಎರಡೂ ಕೈ ಬಿಟ್ಟು, "ಸಾರ್, ನೀವು ಹೋಗಿ ಹೇಳಿ ಸಾರ್!" ಅಂದಳು. ಕಾರು ಕಸದ ತೊಟ್ಟಿಗೆ ತಾಗಿ ನಿಂತಿತು.

ಇಳಿಯುವಾಗ "ನೋಡ್ತೀನಿ" ಅಂದರು. ಬರುತ್ತೇನೆ ಎನ್ನಲಿಲ್ಲ. ನೋಡ್ತೀನಿ! ಇದಕ್ಕೆ ಏನರ್ಥ? ಬಸ್ಸಿನುದ್ದಕ್ಕೂ ಅದನ್ನೇ ಅಗಿದೆ. ಬಟ್ಟೆ ಕೊಳ್ಳುವುದೂ ಮರೆತುಹೋಯಿತು. ಅಕ್ಕ ಕೇಳಿದರೆ ಬಣ್ಣ ಹಿಡಿಸಲಿಲ್ಲ ಎನ್ನಬೇಕು.

ಮಾರ್ಚ್ ೧೦

ಕೇಳಿದಳು. ಹೇಳಿದೆ. ನಂಬಲಿಲ್ಲ. ಎಲ್ಲ ಕಕ್ಕಿದೆ. ಬಯ್ಯಲಿಲ್ಲ, ನನ್ನ ಕೆನ್ನೆ ಹಿಂಡಿ ಒಲೆಯ ಕಡೆ ತಿರುಗಿಕೊಂಡಳು.

ಮಾರ್ಚ್ ೨೬, ಬೆಳಿಗ್ಗೆ

ಫೈಲು ಇದೆ. ಸ್ಲೇಟು ಇದೆ. ಬಳಪ ಇದೆ, ಇನ್ನೊಂದೂ ಇದೆ. ಕೊಕ್ಕರೆಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಭಾವ ಹಳೆಯ ಕೋಟು ಹಾಕಿಕೊಂಡು, ಉಗುರಿನ ಗ್ರೀಸು ತಿಕ್ಕುತ್ತಿದ್ದಾರೆ. ಗ್ಯಾಸ್ ಆಫ್ ಮಾಡಿದೆನೇ? ನೋಡಿ ಬರುತ್ತೇನೆ.

ಅದೇ ದಿನ, ಸಂಜೆ

ಈಗಷ್ಟೇ ಬಂದೆವು, ಚಪ್ಪಲಿಯನ್ನೂ ಬಿಚ್ಚದೆ ಬರೆಯುತ್ತಿದ್ದೇನೆ!

ಮಂಡಳಿಯಲ್ಲಿ ಮೂವರು. ನಡುವೆ ಬಿಳಿ ಮೀಸೆಯ ಅಧ್ಯಕ್ಷರು, ಪಕ್ಕದಲ್ಲಿ ಡಾಕ್ಟರಮ್ಮ, ಕೊನೆಯಲ್ಲಿ ಒಬ್ಬ ಅಧಿಕಾರಿ. ವಕೀಲಮ್ಮ ಚೆನ್ನಾಗಿಯೇ ವಾದಿಸಿದರು. ಡಾಕ್ಟರಮ್ಮ ಸುಮ್ಮನೆ ಒಂದು ಕಾಗದ ಎತ್ತಿ ಹಿಡಿದರು. "ಪರೀಕ್ಷೆ ಪಾಸಾಗಿದ್ದಾರಲ್ಲ?" ಅಷ್ಟೇ. ವಕೀಲಮ್ಮ ಬಾಗಿಲ ಕಡೆ ನೋಡಿದರು. ನಾನೂ ನೋಡಿದೆ. ಅಧ್ಯಕ್ಷರು ಫೈಲು ಮುಚ್ಚಲು ಕೈ ಹಾಕಿದರು.

ಬಾಗಿಲು ತೆರೆಯಿತು. ಮೊದಲು ಕಾಲು, ಆಮೇಲೆ ಕೊಕ್ಕರೆ! ಇಸ್ತ್ರಿ ಮಾಡಿದ ಕೋಟು, ಎದೆಯ ಮೇಲೆ ಪದಕ.

ಭಾವ ದಡಕ್ಕನೆ ಎದ್ದರು. "ಲೋ, ನೀನ್ಯಾಕೋ ಬಂದೆ ಇಲ್ಲಿ? ನಡಿ ಆಚೆ!" ಎಂದು ಗೋಡೆ ನಡುಗುವ ಹಾಗೆ ಕೂಗಿದರು. ಅಧ್ಯಕ್ಷರು ಮೇಜು ಕುಟ್ಟಿದರು. ಅದು ಭಾವನಿಗೆ ಕೇಳಿಸಬೇಕಲ್ಲ! ಕೋಟು ಹಿಡಿದೆಳೆದು ಕೂರಿಸಿದೆ.

"ಪಾಸು ಮಾಡಿಸಿದ್ದು ನಾನು, ಸಾರ್" ಅಂದರು ಕೊಕ್ಕರೆ. ಎದೆಯ ಪದಕ ಬಿಚ್ಚಿ ಮೇಜಿನ ಮೇಲಿಟ್ಟರು. ಎಲ್ಲವನ್ನೂ ಹೇಳಿದರು.

"ಕಥೆ ಚೆನ್ನಾಗಿದೆ," ಎಂದರು ಬಿಳಿ ಮೀಸೆ. "ಗೆಳೆಯನಿಗೋಸ್ಕರ ಯಾರು ಬೇಕಾದ್ರೂ ಇಂಥಾದ್ದು ಹೇಳ್ಬಹುದು."

ಆಗ ಡಾಕ್ಟರಮ್ಮ ಯಾರಿಗೂ ಏನೂ ಹೇಳದೆ ಎದ್ದರು. ಕೊಕ್ಕರೆಗೆ ಎದುರು ಗೋಡೆ ತೋರಿಸಿದರು. ಭಾವನ ಬೆನ್ನ ಹಿಂದೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಏನೋ ಪಿಸುಗುಟ್ಟಿದರು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಭಾವನಿಗೆ ಅಲ್ಲಿ ಯಾರೋ ನಿಂತಿದ್ದಾರೆಂಬುದೂ ಗೊತ್ತಿಲ್ಲ. ಕೊಕ್ಕರೆಯನ್ನು ದುರುಗುಟ್ಟಿಕೊಂಡು ನೋಡುತ್ತಿದ್ದರು. ಕೊಕ್ಕರೆ ಸಾವಧಾನ್ ಭಂಗಿಯಲ್ಲಿ ನಿಂತರು. ತೊಡೆಯ ಮೇಲೆ ಅಂಗೈ ಅರಳಿತು, ಮುಚ್ಚಿತು, ಎರಡು ಬೆರಳು ಎದ್ದವು.

"ಏಳು!" ಎಂದರು ಭಾವ.

ತಾವೇ ಬೆಚ್ಚಿಬಿದ್ದರು! ಯಾಕೆ ಹೇಳಿದೆನೆಂದು ಅವರಿಗೇ ತಿಳಿಯಲಿಲ್ಲ. ಮತ್ತೆ ಪಿಸುಮಾತು. ಮತ್ತೆ ಬೆರಳು. "ಮೂರು!" ಮೂವತ್ತು ವರ್ಷದ ಮೇಲೂ! ಮೂರನೆಯ ಸಲ ಡಾಕ್ಟರಮ್ಮನ ಸನ್ನೆಗೆ ವಕೀಲಮ್ಮ ಫೈಲನ್ನು ಕೊಕ್ಕರೆಯ ತೊಡೆಗೆ ಅಡ್ಡ ಹಿಡಿದರು. ಪಿಸುಮಾತು. ಭಾವ ಸುಮ್ಮನೆ. ಇನ್ನೊಮ್ಮೆ, ಸ್ವಲ್ಪ ಜೋರಾಗಿ. ಸುಮ್ಮನೆ.

ಬಿಳಿ ಮೀಸೆ ಕಿಟಕಿಯ ಕಡೆ ತಿರುಗಿಕೊಂಡರು. ಭುಜ ಅಲುಗುತ್ತಿತ್ತು. ನಗುತ್ತಿದ್ದರು, ಆಣೆಗೂ!

ತೀರ್ಪು ಆಮೇಲೆ ತಿಳಿಸುತ್ತಾರಂತೆ. ಕೊಕ್ಕರೆಯ ತಪ್ಪನ್ನೂ ಬೇರೆಯಾಗಿ ನೋಡುತ್ತಾರಂತೆ.

ಹೊರಗೆ ಬಂದ ಮೇಲೆ ಭಾವ ಅವರ ಕಾಲರ್ ಹಿಡಿದು, "ಗೂಬೆ, ಹೆಸರು ಕೆಡಿಸ್ಕೊಂಡೆಯಲ್ಲೋ!" ಎಂದು ರಸ್ತೆಗೆಲ್ಲ ಕೇಳಿಸುವಂತೆ ಬಯ್ದರು. ಕೊಕ್ಕರೆ ತೊಡೆಯ ಮೇಲೆ ನಾಲ್ಕು ಬೆರಳು ತೋರಿಸಿದರು. ಭಾವ ಕಣ್ಣೊರೆಸಿಕೊಂಡು ಚಹಾದ ಅಂಗಡಿಯ ಕಡೆ ತಿರುಗಿ ಕೂಗಿದರು: "ನಾಲ್ಕು ಚಹಾ!"

ಏಪ್ರಿಲ್ ೨

ಸುದ್ದಿ ಇಲ್ಲ. ಭಾವನ ಕಿವಿನೋವು ಜಾಸ್ತಿ. ಇವತ್ತು ಅಕ್ಕ ಎಲುಬಿಗೆ ಬಾಯಿಟ್ಟು ಹೇಳಿದ್ದನ್ನು ಎರಡು ಸಲ ಹೇಳಬೇಕಾಯಿತು. ಇಬ್ಬರೂ ಏನೂ ಆಗಿಲ್ಲದ ಹಾಗೆ ಇದ್ದರು.

ಏಪ್ರಿಲ್ ೧೭, ಗುರುವಾರ

ಫೋನ್ ಬಂತು!!

ವಕೀಲಮ್ಮ ಎರಡು ಸಲ ಹೇಳಿದರು, ನಾನು ಮೂರನೆಯ ಸಲ ಹೇಳಿಸಿದೆ. ಹಳೆಯ ಮಾತು ಹೊಡೆದುಹಾಕಿದ್ದಾರೆ. ಗೌರವದ ಬಿಡುಗಡೆ. ಸೇವೆಯಲ್ಲಿ ಆದ ಗಾಯ ಎಂದೂ ಸೇರಿಸಿದ್ದಾರೆ. ಸೋಮವಾರವೇ ಆಸ್ಪತ್ರೆಗೆ ಬನ್ನಿ ಎಂದಿದ್ದಾರೆ. ಕೊಕ್ಕರೆಗೆ ಬರೀ ಒಂದು ಎಚ್ಚರಿಕೆ, ಪದಕ ವಾಪಸ್. "ಇನ್ನು ಗುರುವಾರ ಗುರುವಾರ ಬಂದು ನಮ್ಮ ಬೆಂಚಲ್ಲಿರೋರ ಜೊತೆ ಮಾತಾಡ್ತೀರಾ? ನಿಮ್ಮ ಹತ್ರ ಬಾಯಿ ಬಿಡ್ತಾರೆ" ಎಂದೂ ಕೇಳಿದರು. ನನ್ನನ್ನು! ಎಡಗಾಲಿನವರ ಫೈಲೇ ಮೊದಲು ಎಂದುಬಿಟ್ಟೆ, ಯೋಚಿಸದೆ.

ಭಾವನಿಗೆ ಇನ್ನೂ ಗೊತ್ತಿಲ್ಲ. ಅಂಗಳದಲ್ಲಿ ಸ್ಕೂಟರಿನ ಮುಂದೆ ಕೂತು ಸ್ಕ್ರೂಡ್ರೈವರ್ ಕಚ್ಚಿದ್ದಾರೆ. ನಾನು ಹೇಳಬಾರದು. ಅಕ್ಕನೇ ಹೇಳಬೇಕು. ಬಾಯಿ ಬಿಟ್ಟೇನು ಎಂಬ ಭಯಕ್ಕೆ ಗ್ಯಾರೇಜಿನ ಕೌಂಟರಿನಲ್ಲಿ ಕೂತು ಬರೆಯುತ್ತಿದ್ದೇನೆ. ಎಲ್ಲಿ ಹಾಳಾಗಿ ಹೋದಳು ಇವಳು? ಇಷ್ಟು ಹೊತ್ತು ಸೊಪ್ಪು ಆರಿಸುತ್ತಾರೆಯೇ? ರಸ್ತೆ ದಾಟುವಾಗ ಏನಾದರೂ…

ಬಂದಳು. ಗೇಟಿನ ಹತ್ತಿರವೇ ನನ್ನ ಮುಖ ನೋಡಿದಳು. ಚೀಲ ಬಿಟ್ಟಳು, ಟೊಮೇಟೊ ಎಲ್ಲ ಉರುಳಿಹೋದವು. ಭಾವನ ಹಿಂದೆ ಮಂಡಿಯೂರಿ ಕೂತಳು. ಅವರು ತಿರುಗದಂತೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಕಿವಿಯ ಹಿಂದೆ ಬಾಯಿಟ್ಟು ಹೇಳಿದಳು. ಭಾವನ ಹಲ್ಲಿನಿಂದ ಸ್ಕ್ರೂಡ್ರೈವರ್ ಜಾರಿಬಿತ್ತು.